ಅಕ್ಕ ಕೂರದ ಮನೆ

ಆ ಬೀದಿಯವರು ಅವನ ಬಗ್ಗೆ ಒಂದು ಮಾತು ಆಡುತ್ತಿದ್ದರು: "ಮೊಳೆಬಾಯಿ ಮನೇಲಿ ಊರಿಗಾಗೋಷ್ಟು ಕುರ್ಚಿ, ಕೂರೋಕೆ ಮಾತ್ರ ನೆಲ." ಮಾತಿನಲ್ಲಿ ಕುಹಕವಿತ್ತು, ಸುಳ್ಳಿರಲಿಲ್ಲ. ಸೋಫಾ, ಕುರ್ಚಿಗಳಿಗೆ ಹೊಸ ಮೆತ್ತೆ ಕೂರಿಸುವುದು ಅವನ ಕಸುಬು. ಸಣ್ಣ ಮೊಳೆಗಳನ್ನು ಬಾಯಿ ತುಂಬ ತುಂಬಿಕೊಂಡು, ನಾಲಿಗೆಯಿಂದ ಒಂದೊಂದಾಗಿ ಹೊರಗೆ ತಳ್ಳಿ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದ; ಅಡ್ಡಹೆಸರು ಬಿದ್ದದ್ದು ಹಾಗೆ. ಅಂಗಡಿಯೂ ಅದೇ, ಮನೆಯೂ ಅದೇ. ನಡುಮನೆಯ ತುಂಬ ಕಾಲು ಮುರಿದ, ಹೊಟ್ಟೆ ಬಿರಿದ, ರಿಪೇರಿಯಾಗಿ ಹಳೇ ಚಾದರ ಹೊದ್ದು ಕಾಯುತ್ತಿದ್ದ ಕುರ್ಚಿಗಳು; ಎಲ್ಲವೂ ಗಿರಾಕಿಗಳವು. ಬಂದವರು ಒಂದರಲ್ಲಿ ಕೂರಲು ಹೋದರೆ, "ಅಯ್ಯೋ, ಅದು ಡಾಕ್ಟರದು." ಇನ್ನೊಂದರತ್ತ ತಿರುಗಿದರೆ, "ಅದು ವಕೀಲರದು, ಅಂಟು ಆರಿಲ್ಲ."

ಹೀಗೇ ಒಂದು ದಿನ ಅಕ್ಕನನ್ನೂ ಎಬ್ಬಿಸಿಬಿಟ್ಟಿದ್ದ.

ಅಕ್ಕ ಎಂದರೆ ಯಾರು? ತಾಯಿ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಬಟ್ಟೆ ಕಾರ್ಖಾನೆಯಲ್ಲಿ ದಿನವಿಡೀ ನಿಂತು ದುಡಿದು ಅವನಿಗೆ ಒಂದು ಕಸುಬು ಕಲಿಸಿದವಳು. ಅವನು ಮದುವೆಯಾಗಿ ಈ ಬಾಡಿಗೆ ಮನೆ ಹಿಡಿದ ಹೊಸದರಲ್ಲಿ ನೋಡಲು ಬಂದು, ಉಸ್ಸಪ್ಪಾ ಎಂದು ಒಂದು ಕುರ್ಚಿಯಲ್ಲಿ ಕೂತಳು.

"ಅಕ್ಕ, ಏಳು ಏಳು, ಅದು ಗಿರಾಕಿದು!"

ಎದ್ದಳು. "ನಿಂದು ಅಂತ ಒಂದು ಕುರ್ಚಿ ಆಗ್ಲಿ ಕಣೋ, ಆವತ್ತು ಕೂರ್ತೀನಿ" ಎಂದಳು. ಆಮೇಲೆ ಎಷ್ಟು ಸಲ ಬಂದರೂ ಬಾಗಿಲಿಗೆ ಒರಗಿ ನಿಂತೇ ಮಾತಾಡಿ, ನಿಂತೇ ಟೀ ಕುಡಿದು ಹೋಗುತ್ತಿದ್ದಳು. ಅದೂ ನಗುನಗುತ್ತಾ. ಬೈದಿದ್ದರೆ ಮರೆತುಬಿಡಬಹುದಿತ್ತು, ಆ ನಗು ಮಾತ್ರ ಅವನನ್ನು ಹಲ್ಲಿನ ಸಂದಿಯ ನಾರಿನಂತೆ ಸದಾ ಕಾಡುತ್ತಿತ್ತು.

ಅಕ್ಕನಿಗೆ ಅರವತ್ತು ತುಂಬುವ ವರ್ಷ ಅವನೇ ಬಾಯಿಬಿಟ್ಟ. "ಅಕ್ಕನ ಹುಟ್ಟುಹಬ್ಬ ನಮ್ಮನೇಲೇ ಮಾಡೋಣ."

ಪಾತ್ರೆ ತೊಳೆಯುತ್ತಿದ್ದ ಹೆಂಡತಿ ತಿರುಗಿದಳು. ಆ ಮನೆಯಲ್ಲಿ ಅಲ್ಲಿಯವರೆಗೆ ಯಾರ ಹುಟ್ಟುಹಬ್ಬಕ್ಕೂ ನಾಲ್ಕು ಜನರನ್ನು ಕರೆದದ್ದಿಲ್ಲ. "ಕರೆದು ಎಲ್ಲಿ ಕೂರಿಸ್ತೀರಿ, ನನ್ನ ತಲೆ ಮೇಲಾ?"

"ಅಕ್ಕಂಗೆ ಒಂದು ಕುರ್ಚಿ ಮಾಡ್ತೀನಿ. ಉಳಿದೋರು ಹೆಂಗೋ ನಿಂತ್ಕೊಳ್ಳಲಿ."

ಮಾಡಿದ. ಅಗಲವಾದ ಕೈ, ಎತ್ತರದ ಬೆನ್ನು, ಮೇಲೆ ಕಡುನೀಲಿ ಬಟ್ಟೆ. ಮಾಡಿ ಸುಮ್ಮನಿದ್ದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನ ಅಂಗೈ ಸುಮ್ಮನಿರುವ ಜಾತಿಯದಲ್ಲ, ಮೆತ್ತೆ ಕಂಡಲ್ಲಿ ಒತ್ತಬೇಕು.

ಹುಟ್ಟುಹಬ್ಬದ ದಿನ ಬೆಳಗ್ಗೆ ಗಿರಾಕಿಗಳ ಕುರ್ಚಿಗಳನ್ನೆಲ್ಲ ಪಕ್ಕದ ಮನೆ ಟೀಚರಮ್ಮನ ವರಾಂಡಕ್ಕೆ ಸಾಗಿಸಿದ. ನೆಲ ಗುಡಿಸಿದ. ಬಲೂನು ಊದಿದ, ಸಣ್ಣದಾಯಿತೆಂದು ಗಾಳಿ ಬಿಟ್ಟು ಮತ್ತೆ ಊದಿದ. ಸುಮ್ಮಸುಮ್ಮನೆ ಬೀದಿ ತುದಿಯವರೆಗೆ ಹೋಗಿ ಬಂದ. ಬಂದವನೇ ಕುರ್ಚಿ ಒತ್ತಿದ. ಎಡಗಡೆ ಏನೋ ಗಂಟು! ಇನ್ನೊಮ್ಮೆ ಒತ್ತಿದ. ಇದೆ. ಹೆಂಡತಿಯನ್ನು ಕರೆದು ಒತ್ತಿಸಿದ.

"ಏನೂ ಇಲ್ಲ ರೀ. ಗಂಟಿರೋದು ನಿಮ್ಮ ತಲೇಲಿ. ಹೋಗಿ ಕೇಕ್ ತನ್ನಿ."

ತಂದಿಟ್ಟ. ಹೆಂಡತಿ ಬಟ್ಟೆ ಬದಲಿಸಲು ಒಳಗೆ ಹೋದದ್ದೇ ತಡ, ಒಂದೇ ನಿಮಿಷದ ಕೆಲಸ ಎಂದುಕೊಂಡು ಉಳಿ ಎತ್ತಿ ಮೊಳೆ ಕಿತ್ತ. ಗಂಟು ಸಿಗಲಿಲ್ಲ. ಸ್ಪಂಜು ಎತ್ತಿದ, ಅದರಡಿಯ ತೆಂಗಿನ ನಾರು ಹರಡಿದ, ಕೊನೆಗೆ ಇಡೀ ಕೂರುಮಣೆಯ ಭಾರ ಹೊರುವ ತಳದ ಪಟ್ಟಿಗಳನ್ನೂ ಬಿಚ್ಚಿದ. ಹೆಂಡತಿ ಹೊರಗೆ ಬಂದಾಗ ಕುರ್ಚಿ ಅಸ್ಥಿಪಂಜರ, ನಡುಮನೆ ತುಂಬ ನಾರು, ಬಾಗಿಲಲ್ಲಿ ಹೂಗುಚ್ಛ ಹಿಡಿದ ಟೀಚರಮ್ಮ.

"ಅಯ್ಯೋ ನನ್ನ ಕರ್ಮವೇ! ಇವತ್ತೂನಾ?"

"ಮ್ಮ್, ಮ್ಮ್" ಎಂದ. ಬಾಯಿ ತುಂಬ ಮೊಳೆ.

ನೆಂಟರು ಬಂದರು, ಅಕ್ಕನ ಕಾರ್ಖಾನೆಯ ಗೆಳತಿಯರು ಬಂದರು. ಅವನು ನೆಲದಲ್ಲಿ ಕೂತೇ ಹುಬ್ಬು ಹಾರಿಸಿ ಎಲ್ಲರಿಗೂ ಉಪಚಾರ ಮಾಡಿದ.

"ಕೂತ್ಕೊಳ್ಳಿ ಅಂತಾದ್ರೂ ಅನ್ನಯ್ಯ" ಎಂದರು ಟೀಚರಮ್ಮ.

"ಎಲ್ಲಿ ಅಂತ ಕೇಳ್ತೀರಲ್ಲ, ಅದಕ್ಕೇ ಅನ್ನಲ್ಲ ಅವರು" ಎಂದಳು ಹೆಂಡತಿ.

ಅವಸರದ ಕೈಗೆ ಏನೂ ದಕ್ಕುತ್ತಿರಲಿಲ್ಲ. ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿದು ಮೊಳೆ ಹೊಡೆಯಬೇಕು. ಎಳೆದರೆ ಕುರ್ಚಿಯೇ ಜೊತೆಗೆ ಜಾರಿ ಬರುತ್ತಿತ್ತು. ಬೆವರು ಕಣ್ಣಿಗಿಳಿಯುತ್ತಿತ್ತು.

ಅಷ್ಟರಲ್ಲಿ ಅಕ್ಕ ಬಂದಳು. ಎಂದಿನಂತೆ ಬಾಗಿಲಿಗೆ ಒರಗಿ ನೋಡಿದಳು: ಬಲೂನು, ಕೇಕು, ನಿಂತ ಜನ, ನಡುವೆ ನಾರಿನಲ್ಲಿ ಮುಳುಗಿದ ತಮ್ಮ. ಅವನು ತಲೆ ಎತ್ತಲಿಲ್ಲ. ಇಷ್ಟು ವರ್ಷ ಕಾದ ದಿನವನ್ನು ಕೈಯಾರೆ ಬಿಚ್ಚಿ ಹಾಕಿದೆನಲ್ಲ ಎಂದುಕೊಳ್ಳುತ್ತಾ ಪಟ್ಟಿಯನ್ನು ಮತ್ತೊಮ್ಮೆ ಎಳೆದ.

"ಯಾರ್ದೋ ಇದು?"

ಮೊಳೆಗಳನ್ನು ಅಂಗೈಗೆ ಉಗುಳಿದ. "ನಿಂದೇ ಅಕ್ಕ. ಗಿರಾಕಿದಲ್ಲ. ನಿನ್ನೆ ಮುಗಿದಿತ್ತು. ಎಡಗಡೆ ಒಂದು ಗಂಟು..."

"ಹ್ಞೂಂ. ಹೊಸ ಅಂಗಿ ಕೊಡಿಸಿದ್ರೆ ಹೊಲಿಗೆ ಬಿಚ್ಚಿ ನೋಡ್ತಿದ್ದೋನಲ್ವಾ ನೀನು. ಮೊಳೆ ಬಾಯಿಗೆ ಹಾಕ್ಕೋ. ಪಟ್ಟಿ ಇಲ್ಲಿ ಕೊಡು."

ಕೈಚೀಲ ಬದಿಗಿಟ್ಟು, ಕಾಲು ಮಡಿಸಿ ನೆಲದ ಮೇಲೆ ಕೂತಳು. ಒಂದು ಮಂಡಿಯಿಂದ ಕುರ್ಚಿಯ ಕಾಲನ್ನು ಅದುಮಿ, ಪಟ್ಟಿ ಎಳೆದು ಹಿಡಿದಳು. "ಹೊಡಿ."

ಹೊಡೆದ. ಸುತ್ತ ನಿಂತವರೂ ಒಬ್ಬೊಬ್ಬರಾಗಿ ನೆಲಕ್ಕಿಳಿದರು; ಅವರ ಹಿಂದೆ ಮೇಜಿನ ಮೇಲಿದ್ದ ಕೇಕೂ ಇಳಿಯಿತು. ಅಕ್ಕ ಒಂದು ಕೈಯಲ್ಲಿ ಪಟ್ಟಿ ಬಿಡದೆ ಇನ್ನೊಂದರಲ್ಲಿ ಕೇಕ್ ಕತ್ತರಿಸಿ, ಮೊದಲ ತುಂಡನ್ನು ತಮ್ಮನ ಬಾಯಿಗಿಡಲು ಹೋಗಿ, ಮೊಳೆ ನೆನಪಾಗಿ ತಾನೇ ತಿಂದಳು. ಮನೆ ನಕ್ಕಿತು. ಆ ನಗುವಿನ ನಡುವೆ ಹೆಂಡತಿಗೆ ತಟ್ಟನೆ ಹೊಳೆಯಿತು.

"ರೀ, ಅತ್ತಿಗೆ ಕೂತಿದ್ದಾರೆ!"

ಅವನ ಸುತ್ತಿಗೆ ಎತ್ತಿದಲ್ಲೇ ನಿಂತಿತು.

"ಏನು ನೋಡ್ತೀಯೋ, ಹೊಡಿ. ಕೈ ನೋಯ್ತಿದೆ" ಎಂದಳು ಅಕ್ಕ.

ಕುರ್ಚಿ ಆ ಸಂಜೆ ಮುಗಿಯಲಿಲ್ಲ. ಮುಗಿಸಲೆಂದು ಅವಳು ಮಾರನೆಯ ದಿನವೂ ಬಂದು ನೆಲದಲ್ಲಿ ಕೂತಳು. ಮುಗಿದ ಮೇಲೆ ಅದರಲ್ಲೇ ಕೂತು ಟೀ ಕುಡಿಯುತ್ತಾ, ಅವನ ಕೆಲಸದಲ್ಲಿ ತಪ್ಪು ಹುಡುಕುವುದು ಅವಳ ರೂಢಿಯಾಯಿತು.

ವರ್ಷಗಳ ಮೇಲೆ ಮಾಲೀಕ ಮನೆ ಕೆಡವುತ್ತೇನೆಂದ. ಸಾಮಾನೆಲ್ಲ ವ್ಯಾನಿಗೆ ಹೋಯಿತು. ಅವನು ಬೀಗ ಹಾಕಿದ, ತೆಗೆದ, ಖಾಲಿ ಗೋಡೆ ನೋಡಿ ಬಂದ, ಮತ್ತೆ ಒಳಗೆ ಹೋದ. ಕಡೆಗೆ ನೀಲಿ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹೊಸ್ತಿಲು ದಾಟಿದ. ಅದನ್ನು ಮಾತ್ರ ಬೇರೆಯವರ ಕೈಗೆ ಕೊಟ್ಟಿರಲಿಲ್ಲ. ಹಿಂದೆ ಕೋಲೂರಿಕೊಂಡು ಅಕ್ಕ.

"ಲೋ, ಇಷ್ಟು ದಿನ ಹೇಳಿರಲಿಲ್ಲ. ಎಡಗಡೆ ಗಂಟಿದೆ ಕಣೋ."

ನಡುಬೀದಿಯಲ್ಲೇ ಕುರ್ಚಿ ಇಳಿಸಿ ಅಂಗೈ ಒತ್ತಿದ. ವ್ಯಾನಿನವನು ಹಾರನ್ ಮೇಲೆ ಹಾರನ್ ಹೊಡೆದ. ಅಕ್ಕ ತಮ್ಮನ ಕೈ ಸರಿಸಿ, ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು.

"ಈಗ ಬಿಚ್ಚು ನೋಡೋಣ."