ಶೇಖರಣ್ಣನ ಮಂಚ

ತಲೆ ನೆರೆತ ಮೇಲೆ ನಾನು ಮತ್ತೆ ವಿದ್ಯಾರ್ಥಿಯಾಗಿದ್ದೇನೆ, ಅದೂ ಒಟ್ಟಿಗೆ ಎರಡು ಸ್ನಾತಕೋತ್ತರ ಪದವಿಗೆ: ಸಮಾಜಕಾರ್ಯ ಮತ್ತು ಸಾರ್ವಜನಿಕ ಆರೋಗ್ಯ. ಹಗಲು ಆಫೀಸು, ಸಂಜೆ ಈ ಕೊಲ್ಲಿ ದೇಶದ ಹಮ್ರಿಯಾದ ಫ್ಲ್ಯಾಟಿನಲ್ಲಿ ಆನ್‌ಲೈನ್ ಪಾಠ. "ಇವತ್ತು ಯಾವ ಅವತಾರ?" ಎಂದು ಹೆಂಡತಿ ಕೇಳುತ್ತಾಳೆ. "ಕೈ ಹಿಡಿದು ಕಷ್ಟ ಕೇಳುವವರೋ, ಕೈ ತೊಳ್ಕೊಂಡ್ರಾ ಅಂತ ಕೇಳುವವರೋ?"

ಎರಡು ಅವತಾರಕ್ಕೂ ಸೇರಿಸಿ ಒಂದೇ ಕ್ಷೇತ್ರಕಾರ್ಯ: ರುಸೈಲ್‌ನ ಕಾರ್ಖಾನೆ ಕೆಲಸಗಾರರ ಒಂದು ಕೋಣೆ. ಮೊದಲ ದಿನ ಕಿಟಕಿ ಪಕ್ಕದ ಖಾಲಿ ಮಂಚದ ಮೇಲೆ ಕೂರಲು ಹೋದೆ.

"ಅಲ್ಲಿ ಬೇಡ ಮಾರಾಯ್ರೆ!" ಕಾರ್ಕಳದ ದಿನೇಶ ಕೈ ಅಡ್ಡ ಹಿಡಿದ. "ಅದು ಶೇಖರಣ್ಣನದ್ದು."

ಶೇಖರಣ್ಣ ಕಿಡ್ನಿ ತೊಂದರೆಯಿಂದ ಊರಿಗೆ ಹೋಗಿದ್ದರು. ಮಂಚ ತಣ್ಣಗಾದರೆ ಮನುಷ್ಯ ವಾಪಸ್ ಬರುವುದಿಲ್ಲವೆಂದು ಯಾರು ಹೇಳಿದರೋ, ಜೊತೆಗಾರರು ಸರದಿಯಲ್ಲಿ ಅದರ ಮೇಲೆ ಮಲಗೆದ್ದು ಬೆಚ್ಚಗಿಡುತ್ತಿದ್ದರು. ಹೊರಗಿನವರಿಗೆ ಆ ಸರದಿ ಇಲ್ಲ.

ನನ್ನೊಳಗಿನ ಸಮಾಜಕಾರ್ಯದವನಿಗೆ ಕಣ್ಣು ತುಂಬಿತು. ಆರೋಗ್ಯದವನು ಮಾತ್ರ ಕಿಟಕಿ ನೋಡುತ್ತಿದ್ದ. ಮಂಚ ಒತ್ತಿ ನಿಂತದ್ದರಿಂದ ಅದನ್ನು ತೆರೆಯಲು ಆಗುತ್ತಿರಲಿಲ್ಲ. ಹಳೆಯ ಗಾಳಿ ಒಳಗೇ ಸುತ್ತುತ್ತಿತ್ತು, ದಿನೇಶನ ಕೆಮ್ಮು ವಾರದಿಂದ ವಾರಕ್ಕೆ ಆಳಕ್ಕೆ ಇಳಿಯುತ್ತಿತ್ತು. ಆಸ್ಪತ್ರೆಗೆ ಕರೆದೊಯ್ದೆ. ಮೊದಲು ಗಾಳಿ ಬೆಳಕು ಬೇಕು ಎಂದರು ಡಾಕ್ಟರು. ಮಂಚ ಹೊರಗೆ ಹಾಕೋಣ ಎಂದೆ.

"ನಿಮಗೆ ಗಾಳಿ ಬೇಕು, ನಮಗೆ ಅಣ್ಣ ಬೇಕು" ಎಂದ ದಿನೇಶ. "ಎರಡೆರಡು ಡಿಗ್ರಿ ಓದಿ ಎಂತ ಕಲ್ತದ್ದು ಸರ್ ನೀವು?"

ಹಾಸಿಗೆ ಮೈಯ ಬಿಸಿಯನ್ನು ಹೆಚ್ಚು ಹೊತ್ತು ಹಿಡಿದಿಡುವುದಿಲ್ಲ. ನಾವು ಎದ್ದು ಹೋದದ್ದನ್ನು ಅದು ನಮ್ಮವರಿಗಿಂತ ಬೇಗ ಮರೆಯುತ್ತದೆ. ಇಷ್ಟು ವಿಜ್ಞಾನ ನನಗೂ ಗೊತ್ತು. ಆದರೆ ಒಂದು ಶನಿವಾರ, ಕೆಲಸದಿಂದ ಮರಳಿದವರ ಜೊತೆಗೇ ಒಳಹೊಕ್ಕೆ. ಬೆಳಿಗ್ಗೆಯಿಂದ ಕೋಣೆಗೆ ಬೀಗ. ಎಸಿ ಆರಿಸಲು ಮರೆತಿದ್ದರು. ಉಳಿದ ಮಂಚಗಳು ತಣ್ಣಗೆ ಕೊರೆಯುತ್ತಿದ್ದವು. ಶೇಖರಣ್ಣನದರ ಮೇಲೆ ಕೈಯಿಟ್ಟೆ. ಈಗಷ್ಟೇ ಯಾರೋ ಎದ್ದು ಹೋದ ಹಾಗೆ ಬಿಸಿ.

ಕಿಟಕಿಯ ಬಿಸಿಲಿರಬೇಕು. ಆದರೆ ಕಿಟಕಿಗೆ ರಟ್ಟು ಅಂಟಿಸಿತ್ತಲ್ಲ? ನನ್ನ ನೆನಪು ಆ ರಟ್ಟನ್ನು ಒಮ್ಮೆ ಅಂಟಿಸುತ್ತದೆ, ಒಮ್ಮೆ ಕೀಳುತ್ತದೆ. ಎರಡನ್ನೂ ನಂಬಬೇಡಿ.

ದಿನೇಶ ಬಾಗಿ ಕೆಮ್ಮತೊಡಗಿದ. ನಿಲ್ಲಲೇ ಇಲ್ಲ. "ಹೊರಗೆ ಬೇಡ" ಎಂದೆ. "ಸ್ವಲ್ಪ ಈಚೆಗೆ ಎಳೆಯೋಣ." ಈ ಸಲ ಯಾರೂ ಬೇಡವೆನ್ನಲಿಲ್ಲ. ಎಲ್ಲರೂ ಕೈ ಹಾಕಿದೆವು. ಮಂಚ ಕದಲಲಿಲ್ಲ. ಖಾಲಿ ಮಂಚ ಅಷ್ಟು ಭಾರ ಇರಬಾರದು.

ದಿನೇಶ ಉಸಿರು ಹಿಡಿದು ದಿಂಬಿನ ಬಳಿ ಬಗ್ಗಿದ. "ಶೇಖರಣ್ಣ, ಒಂಚೂರು ಏಳಿ. ಕಿಟಕಿ ತೆಗೀಬೇಕು."

ಮಂಚ ಸಲೀಸಾಗಿ ಬಂತು.

ಕಾಲು ಟೈಲ್ಸಿನ ಸಂದಿಗೆ ಸಿಕ್ಕಿಕೊಂಡಿತ್ತು ಎಂದು ಆರೋಗ್ಯದವನು ಈಗಲೂ ವಾದಿಸುತ್ತಾನೆ. ಕಿಟಕಿ ತೆರೆಯಿತು, ಜನವರಿಯ ಗಾಳಿ ಒಳಗೆ ಬಂತು, ದಿನೇಶ ಎದೆ ತುಂಬ ಉಸಿರೆಳೆದುಕೊಂಡ. ನಾನು, ಯಾವ ಪದವಿಯ ವಿದ್ಯಾರ್ಥಿಯಾಗಿ ಎಂದು ಕೇಳಬೇಡಿ, ಖಾಲಿ ಹಾಸಿಗೆಯ ಮೇಲೆ ಕಂಬಳಿ ಎಳೆದೆ. ಥಂಡಿ ತಾಗಬಾರದಲ್ಲ.

"ಖಲಾಸ್, ಮುಗೀತು" ಎಂದು ನಕ್ಕ ದಿನೇಶ. "ಇನ್ನು ನೀವೂ ಕೂತ್ಕೊಳ್ಳಿ ಸರ್."

ಕೂತೆ. ಕಾಲಿನ ಕಡೆ, ಸ್ವಲ್ಪ ಜಾಗ ಬಿಟ್ಟು.