ಮಾತ್ರೆ ಮಾಡಿದ ಮದುವೆ

ಡಾಕ್ಟರ್ ನಗ್ವಾಳ ಕೋಣೆಗೆ ರೋಗಿ ಬರುವ ಮೊದಲೇ ರೋಗದ ಸದ್ದು ಬಂದಿರುತ್ತಿತ್ತು. ಹಜಾರದಲ್ಲಿ ಚಪ್ಪಲಿ ಎಳೆಯುವುದು ಕೇಳಿಯೇ, "ಇವರಿಗೆ ಎಡಗಾಲಿನ ತೊಂದರೆ ಜಾಸ್ತಿ," ಎಂದು ನರ್ಸಿಗೆ ಹೇಳಿಬಿಡುವಳು. ಈಜಿಪ್ಟಿನ ತಾಂತಾ ಊರಿನ ಆಸ್ಪತ್ರೆಯಲ್ಲಿ ಕೈಕಾಲು ನಡುಗುವವರಿಗೆ, ನಡೆಯುತ್ತಲೇ ಮರಗಟ್ಟಿ ನಿಲ್ಲುವವರಿಗೆ ಅಂತಲೇ ಮಂಗಳವಾರದ ವಿಭಾಗ ತೆರೆಸಿದವಳು ಅವಳು. ನೈಲ್ ಬಯಲಿನ ಹಳ್ಳಿಗಳಿಂದ ಜನ ಮಿನಿಬಸ್ಸು ತುಂಬಿ ಬರುತ್ತಿದ್ದರು. ಲೋಟ ಹಿಡಿಯಲಾರದವರು ಅವಳ ಔಷಧಿಯಿಂದ ತಾವೇ ಚಹಾ ಕುಡಿದರು, ಮೊಮ್ಮಕ್ಕಳಿಗೆ ಅವಳ ಹೆಸರಿಟ್ಟರು. ಅವಳಿಗೆ ಹೆಮ್ಮೆಯಿತ್ತು, ಇರಬೇಕಾದದ್ದೇ.

ಒಂದು ಪ್ರಶ್ನೆ ಮಾತ್ರ ಅವಳ ಬಾಯಿಗೆ ಬರುತ್ತಿರಲಿಲ್ಲ. ಹೊಸದಾಗಿ ಬಂದ ಮಾತ್ರೆ ಕೆಲವರಲ್ಲಿ ಕೈಯ ನಡುಕ ನಿಲ್ಲಿಸಿ ಮನಸ್ಸಿನ ಲಗಾಮು ಬಿಚ್ಚುತ್ತದೆ, ಜೂಜಿನ ಹುಚ್ಚನ್ನೋ ಹೆಣ್ಣಿನ ಹುಚ್ಚನ್ನೋ ಹಿಡಿಸುತ್ತದೆ ಎಂದು ಓದಿದ್ದಳು. ಆದರೆ ಅಪ್ಪನ ವಯಸ್ಸಿನ ಗಂಡಸನ್ನು ಅದನ್ನೆಲ್ಲ ಕೇಳುವುದುಂಟೇ? ಅದರಲ್ಲೂ ಬಹ್‌ಗತ್ ಮೇಷ್ಟ್ರನ್ನು? ಶಾಲೆಯಲ್ಲಿ ಅವಳಿಗೆ ವ್ಯಾಕರಣ ಕಲಿಸಿದವರು, ಮಸೀದಿಯ ಮೊದಲ ಸಾಲು ಬಿಟ್ಟುಕೊಡದವರು. ನಿದ್ದೆ ಹೇಗಿದೆ ಎಂದು ಕೇಳಿದಳು, ಹೊಟ್ಟೆ ಹೇಗಿದೆ ಎಂದು ಕೇಳಿದಳು, ಮಾತ್ರೆ ಹೆಚ್ಚಿಸಿ ಕಳಿಸಿದಳು.

ಈದ್ ಕಳೆದ ವಾರ ಮೇಷ್ಟ್ರ ಹೆಂಡತಿ ತಹಿಯಾ ಸರದಿಯನ್ನೂ ನೋಡದೆ ಬಾಗಿಲು ದೂಡಿಕೊಂಡು ಬಂದಳು.

"ಏನ್ ತಿನ್ಸಿದೆ ತಾಯಿ ನನ್ ಗಂಡಂಗೆ? ಮುದುಕ ಇನ್ನೊಂದು ಮದ್ವೆ ಆಗವ್ನೆ!"

"ಯಾರು, ಮೇಷ್ಟ್ರಾ?"

"ಇನ್ಯಾರು! ಮೂಲೆ ಅಂಗಡೀಲಿ ತಾಮಿಯಾ ಅಂತ ಕಾಳಿನ ವಡೆ ಸುಡ್ತಾಳಲ್ಲ ಆ ವಿಧವೆ, ಸಬಾಹ್, ಅವಳನ್ನ! ಕೈ ನಡುಗ್ತದೆ ಅಂತ ನಿನ್ ಹತ್ರ ಕರ್ಕೊಂಬಂದ್ರೆ, ಕೈ ನಿಲ್ಸಿ ಮನೆ ನಡುಗಿಸ್ಬಿಟ್ಟೆಯಲ್ಲೇ!"

ಎದ್ದು ನಿಂತ ನಗ್ವಾಳಿಗೆ ಮತ್ತೆ ಕೂರಬೇಕೆನ್ನುವುದೇ ಮರೆತುಹೋಯಿತು. ತನಗೆ ಗೊತ್ತಿತ್ತಲ್ಲ, ಗೊತ್ತಿದ್ದೂ ಒಂದು ಮಾತು ಕೇಳಲಿಲ್ಲವಲ್ಲ.

ಆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ. ಸ್ವಲ್ಪ ಸ್ವಲ್ಪವಾಗಿ ಇಳಿಸಿದಳು. ಬೇಸಿಗೆ ಮುಗಿಯುವ ಹೊತ್ತಿಗೆ ಮೇಷ್ಟ್ರ ಕೈ ಮತ್ತೆ ನಡುಗತೊಡಗಿತು, ಹಳೆಯ ಮೇಷ್ಟ್ರೂ ಮರಳಿ ಬಂದರು. ಒಂದು ಮಂಗಳವಾರ ಇಬ್ಬರು ಹೆಂಡಿರ ಜೊತೆ ಬಂದು ತಲೆ ತಗ್ಗಿಸಿ ಕೂತರು.

"ಬಾಯ್ಬಿಟ್ಟು ಹೇಳು ಡಾಕ್ಟ್ರಮ್ಮ, ಇದು ಮಾತ್ರೆ ಮಾಡಿದ ಮದ್ವೆ ಅಂತ. ತಲಾಖ್ ಕೊಟ್ಟು ಕೈ ತೊಳ್ಕೊಳ್ಳಲಿ," ಎಂದಳು ತಹಿಯಾ.

"ಅದು ನಾನಲ್ಲ ಮಗಳೇ," ಎಂದರು ಮೇಷ್ಟ್ರು, ಅಳುತ್ತಾ. "ಆ ಬುದ್ಧಿ ಎಲ್ಲಿಂದ ಬಂತೋ, ದೇವ್ರಾಣೆ ಗೊತ್ತಿಲ್ಲ."

ಸಬಾಹ್ ಎಣ್ಣೆ ಸಿಡಿದು ಕಲೆಯಾದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದಳು.

"ಮೇಷ್ಟ್ರೇ, ಅವತ್ತು ಅಂಗ್ಡಿಗೆ ಬಂದು, 'ಊರಿಗೆಲ್ಲ ಹೊಟ್ಟೆ ತುಂಬಿಸ್ತೀಯ, ನೀನು ಉಂಡ್ಯಾ ಸಬಾಹ್?' ಅಂದ್ರಲ್ಲ. ನನ್ ಗಂಡ ಸತ್ಮೇಲೆ ಯಾರೂ ಹಂಗೆ ಕೇಳಿರ್ಲಿಲ್ಲ. ಅದನ್ನ ಕೇಳಿದ್ದು ನೀವಾ, ಮಾತ್ರೆನಾ?"

ಪಾಠ ಓದಿಕೊಂಡು ಬಾರದ ಹುಡುಗನ ಹಾಗೆ ಮೇಷ್ಟ್ರು ನಗ್ವಾಳ ಮುಖ ನೋಡಿದರು. ತಹಿಯಾ ಕೂಡ ನೋಡಿದಳು. ಮೆದುಳಿನ ಮೂಲೆಮೂಲೆ ಬಲ್ಲ ನಗ್ವಾ ಸಬಾಹಳ ಕಡೆ ತಿರುಗಿದಳು.

"ಗೊತ್ತಿಲ್ಲಮ್ಮ. ಹಿಂಗಾಗ್ಬಹುದು ಅಂತ ಗೊತ್ತಿತ್ತು. ಇವರನ್ನ ಕೇಳೋಕೆ ನಾಚ್ಕೆ ಆಯ್ತು."

"ನಾಚ್ಕೆ ನಿಂದು," ಎಂದಳು ಸಬಾಹ್. "ಅದನ್ನ ತಂದು ನನ್ ತಲೆಗ್ಯಾಕೆ ಕಟ್ಟಿದೆ? ಈಗ ಬೀದಿಯೆಲ್ಲ ನನ್ ನೋಡಿ ನಗ್ತದೆ."

ಅದೇ ವಾರ ತಲಾಖ್ ಆಯಿತು.

ಅಂದಿನಿಂದ ನಗ್ವಾ ಆ ಪ್ರಶ್ನೆಯನ್ನು ಎಲ್ಲರನ್ನೂ ಕೇಳುತ್ತಾಳೆ, ಮುಖ ಕೆಂಪಗಾದರೂ ಸರಿ, ಕೈ ಮುಟ್ಟಿ ನೋಡುವ ಮೊದಲೇ. ಹಾಗೆ ಕೇಳಿದ್ದರಿಂದ ಎಷ್ಟೋ ಮನೆಗಳು ಉಳಿದವು, ಕೇಳಿದ್ದೇ ದೊಡ್ಡ ಸಂಶೋಧನೆಯೂ ಆಯಿತು. ಕೈರೋದ ಸಭೆಯಲ್ಲಿ ಅವಳು ಅದನ್ನು ಓದಿದಾಗ ಡಾಕ್ಟರುಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾತ್ರೆಯಿಂದ ಕೆಟ್ಟವರ ಲೆಕ್ಕವೆಲ್ಲ ಅದರಲ್ಲಿತ್ತು. ಸಬಾಹ್ ಮಾತ್ರ ಇರಲಿಲ್ಲ, ಮಾತ್ರೆ ತಿಂದವಳು ಅವಳಲ್ಲವಲ್ಲ.