ಅವ್ವನ ಮಡಿಲಲ್ಲಿ ನನ್ನ ಕೈಗಳು

ಅವ್ವ ತೀರಿಕೊಂಡ ಹನ್ನೊಂದನೆಯ ದಿನ, ಬ್ಯಾಡಗಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಅವಳ ಫೋಟೋಕ್ಕೆ ಹಾರ ಹಾಕಲು ಸ್ಟೂಲು ಹತ್ತಿದವಳು ಹಾರ ಹಿಡಿದುಕೊಂಡೇ ನಿಂತುಬಿಟ್ಟೆ. ಫೋಟೋದಲ್ಲಿ ಅವ್ವ ಅಪ್ಪನ ಪಕ್ಕ ಕೂತಿದ್ದಳು. ಮುಖ ಅವಳದೇ. ಆದರೆ ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಿದ್ದ ಕೈಗಳು ನನ್ನವು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ನನ್ನ ಎಡಗೈಯ ಕಿರುಬೆರಳು ಸೊಟ್ಟಗಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಗಡಿಯ ಶಟರ್ ಎಳೆಯುವಾಗ ಸಿಕ್ಕಿ ಮುರಿದದ್ದು ಸರಿಯಾಗಿ ಕೂಡಲಿಲ್ಲ. ಆ ಸೊಟ್ಟ ಬೆರಳು ಫೋಟೋದಲ್ಲಿತ್ತು. ಇಳಕಲ್ ಸೀರೆ ನನ್ನ ಮದುವೆಯದು. ಹಸಿರು ಬಳೆ ನನ್ನವು. ಅಪ್ಪ ಹೋದ ಮೇಲೆ ಅವ್ವ ಬಳೆ ಇಟ್ಟವಳೇ ಅಲ್ಲ. ಅಂದರೆ ಅಪ್ಪನ ಪಕ್ಕದಲ್ಲಿ, ಹೆಂಡತಿಯ ಜಾಗದಲ್ಲಿ, ಕೊರಳಿನಿಂದ ಕೆಳಗೆ ಕೂತವಳು ಮಗಳಾದ ನಾನು.

"ಹಾಕವಾ ಹಾರ, ಏನ್ ನೋಡ್ಕೋತ ನಿಂತಿ?" ಎಂದಳು ಕೆಳಗಿನಿಂದ ಸೋದರತ್ತೆ. "ಎಷ್ಟ ಲಕ್ಷಣ ಬಂದಾಳ ನೋಡು. ಮುತ್ತೈದಿ ಹಂಗ ಕಾಣ್ತಾಳ."

ಹಾರ ಹಾಕಿದೆ. ನನಗೆ ನಾನೇ ಹಾಕಿಕೊಂಡೆ ಅನ್ನಿ. ಇಳಿದು ಹಿತ್ತಲಿಗೆ ಹೋಗಿ ಒಂದು ತಂಬಿಗೆ ನೀರು ಕುಡಿದು, ತಮ್ಮನನ್ನು ಅಲ್ಲಿಗೇ ಕರೆದೆ.

"ಎಲ್ಲಿ ಮಾಡಿಸಿದ್ಯೋ ಅದನ್ನ?"

"ಹಾವೇರ್ಯಾಗ. ಯಾಕಕ್ಕಾ, ಚಲೋ ಬಂದಿಲ್ಲೇನ?"

"ಅವ್ವನ ಕೈ ಎಲ್ಲಿ ಅದಾವ ಅದರಾಗ?"

ಅವನಿಗೆ ನನ್ನ ಮಾತು ತಿಳಿಯಲಿಲ್ಲ. "ನಾ ಕೊಟ್ಟಿದ್ದು ಪಾಸ್‌ಪೋರ್ಟ್ ಸೈಜ್ ಫೋಟೋ. ಅದರಾಗ ಕೈ ಎಲ್ಲಿಂದ ಬರಬೇಕು? ನೀನಽ ಮಾಡಿಕೊಡು ಅಂದ್ರ ಬ್ಯಾಡ ಅಂದಿ" ಎಂದು ಮುಖ ಸಣ್ಣದು ಮಾಡಿದ.

ಬೇಡ ಅಂದದ್ದು ನಿಜ. ರಾಣೆಬೆನ್ನೂರಿನ ಒಂದು ಸ್ಟುಡಿಯೊದಲ್ಲಿ ಕಂಪ್ಯೂಟರ್ ಮುಂದೆ ಕೂತು ನಾನು ಹನ್ನೆರಡು ವರ್ಷದಿಂದ ಮಾಡುವುದು ಇದೇ ಕೆಲಸ. ಗಂಡನನ್ನು ಒಂದು ಫೋಟೋದಿಂದ, ಹೆಂಡತಿಯನ್ನು ಇನ್ನೊಂದರಿಂದ ತೆಗೆದು ಒಂದೇ ಚೌಕಟ್ಟಿನಲ್ಲಿ ಕೂಡಿಸುತ್ತೇನೆ. ಜೋಡಿ ಫೋಟೋ ಅನ್ನುತ್ತೇವೆ. ಆದರೆ ಅವ್ವನ ಮುಖವನ್ನು ಪರದೆಯ ಮೇಲೆ ದೊಡ್ಡದು ಮಾಡಿ, ಕೊರಳ ಸುತ್ತ ಗೆರೆ ಎಳೆದು ಕತ್ತರಿಸುವುದು ನನ್ನಿಂದ ಆಗದು ಅನಿಸಿತ್ತು. "ಅವ್ವನ ಕುತಿಗಿಗೆ ನಾ ಕತ್ತರಿ ಹಚ್ಚಾಂಗಿಲ್ಲ" ಅಂದುಬಿಟ್ಟಿದ್ದೆ. ಊರವರ ಅವ್ವಂದಿರ ಕುತ್ತಿಗೆಗೆ ಚಹಾ ಕುಡಿಯುತ್ತಾ ಹಚ್ಚಿದವಳು ನಾನು, ಆ ಮಾತು ಬೇರೆ.

ನಮ್ಮ ಕಡೆ ದುಡಿದ ಹೆಂಗಸರಿಗೆ ಫೋಟೋ ಇರುವುದು ಕಡಿಮೆ. ಇದ್ದರೆ ಆಧಾರ್ ಕಾರ್ಡಿನದು, ಇಲ್ಲವೇ ಯಾರದೋ ಮದುವೆಯ ಗುಂಪಿನಲ್ಲಿ ಹಿಂದಿನ ಸಾಲಿನ ಅರ್ಧ ಮುಖ. ಸತ್ತ ಮೇಲೆ ಮಕ್ಕಳು ಆ ಮುಖ ತಂದು, "ಅಪ್ಪನ ಬಾಜೂಕ ಕುಂದರಸ್ರಿ" ಅನ್ನುತ್ತಾರೆ. ಮುಖಕ್ಕೆ ಮೈ ಬೇಕು. ಗಂಡಸರಿಗೆ ಕೋಟಿನ ಮೈ, ಧೋತರ ರುಮಾಲಿನ ಮೈ ನಮ್ಮಲ್ಲಿದ್ದವು. ಹೆಂಗಸರ ಮೈಗಳು ಎಲ್ಲಿಂದಲೋ ಸಿ.ಡಿ.ಯಲ್ಲಿ ಬಂದಿದ್ದವು, ಸೆರಗಿಗೆ ಪಿನ್ನು ಹಚ್ಚಿ ಬೆನ್ನ ಹಿಂದೆ ಬಿಟ್ಟವು. ಹಲಗೇರಿಯ ಹಿರಿಯರೊಬ್ಬರು ತೀರಿಹೋದ ತಮ್ಮ ಹೆಂಡತಿಯನ್ನು ಆ ಮೈಯಲ್ಲಿ ನೋಡಿ ಕೆಂಡವಾದರು.

"ಇಕಿ ಯಾರ್ರೀ? ನಮ್ಮಾಕಿ ಒಂದಿನಾನೂ ಮೈತುಂಬ ಸೆರಗ ಹೊದಿಲಾರದ ಹೊರಗ ಬಂದಾಕಿ ಅಲ್ಲ!"

ಅವರು ಹೋದ ಮೇಲೆ ನಮ್ಮ ಮಾಲೀಕರು ನನ್ನತ್ತ ತಿರುಗಿದರು. "ನಾಳೆ ಇಳಕಲ್ ಸೀರಿ ಉಟ್ಕೊಂಡ ಬಾರವಾ. ನಮ್ಮ ಕಡಿ ಹಂಗ ಸೆರಗ ಹೊದ್ಕೊಂಡು ಕುಂದ್ರು. ಒಂದ ಮೈ ನಾವಽ ಮಾಡ್ಕೊಂಡ ಬಿಡೂಣು."

ಆಗಷ್ಟೇ ಮದುವೆಯಾಗಿತ್ತು, ಸೀರೆ ಉಡುವ ಹುರುಪೂ ಇತ್ತು. ಕೂತೆ. ಆಮೇಲೆ ನನ್ನ ತಲೆಯನ್ನು ನಾನೇ ಕತ್ತರಿಸಿ ತೆಗೆದು ಫೈಲಿಗೆ 'ಇಳಕಲ್ ಮೈ' ಎಂದು ಹೆಸರಿಟ್ಟೆ. ಸೊಟ್ಟ ಬೆರಳನ್ನು ನೆಟ್ಟಗೆ ಮಾಡಬೇಕು ಅಂದುಕೊಂಡಿದ್ದೆ, ಮಾಡಲಿಲ್ಲ. ಎಲ್ಲರೂ ಮುಖ ನೋಡುತ್ತಾರೆ, ಕೈ ಯಾರು ನೋಡುತ್ತಾರೆ?

ಆ ಮೈ ಬಹಳ ನಡೆಯಿತು. ಮೇಡ್ಲೇರಿಯ ಅಜ್ಜಿಯರು, ರಾಣೆಬೆನ್ನೂರಿನ ಅತ್ತೆಯಂದಿರು ಎಲ್ಲರೂ ಅದರಲ್ಲಿ ಬಂದು ಕೂತರು. ಮುಖದ ಬಣ್ಣಕ್ಕೆ ತಕ್ಕಂತೆ ನನ್ನ ಕೈಗಳನ್ನು ಕಪ್ಪು ಮಾಡುತ್ತಿದ್ದೆ, ಬೆಳ್ಳಗೆ ಮಾಡುತ್ತಿದ್ದೆ. ಜನ ನೋಡಿ ಕಣ್ಣೀರು ಹಾಕಿ "ಜೀವ ಬಂದಂಗ ಆತ್ರಿ" ಅನ್ನುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತೇ ಹೊರತು ಒಂದು ಸಲವೂ ಎದೆ ಝಲ್ಲೆನ್ನಲಿಲ್ಲ. ಮಾಡಿದ್ದುಣ್ಣೋ ಮಾರಾಯ ಅನ್ನುವುದು ನನ್ನಂಥವರಿಗೇ.

ಆದರೂ ಮರುದಿನ ಹಾವೇರಿಯ ಆ ಸ್ಟುಡಿಯೊಕ್ಕೆ ಜಗಳ ತೆಗೆಯಲೆಂದೇ ಹೋದೆ. ನಮ್ಮ ಅಂಗಡಿಯ ಫೈಲು ಅಲ್ಲಿಗೆ ಹೇಗೆ ಬಂತು, ಹೇಳಲಿ. ಕಂಪ್ಯೂಟರ್ ಮುಂದೆ ಒಬ್ಬರೇ ಇದ್ದರು, ಹೆಚ್ಚುಕಡಿಮೆ ನನ್ನ ವಯಸ್ಸಿನವರೇ. ತಮ್ಮ ಮಾಡಿಸಿದ ಫೋಟೋದ ಗುರುತು ಹೇಳಿ, ಹೆಣ್ಣಿನ ಮೈ ಎಲ್ಲಿಯದು ಎಂದು ಕೇಳಿದೆ. ಅವರು ಏನೂ ಅನುಮಾನಿಸದೆ ಫೋಲ್ಡರ್ ತೆರೆದು ತೋರಿಸಿದರು. ಪರದೆಯ ತುಂಬ ತಲೆಯಿಲ್ಲದ ಹೆಂಗಸರು ಸಾಲಾಗಿ ಕೂತಿದ್ದರು. ಮೂರನೆಯ ಸಾಲಿನಲ್ಲಿ ನಾನಿದ್ದೆ. ಕೆಳಗೆ ನಾನಿಟ್ಟ ಹೆಸರೇ ಇತ್ತು.

"ಇದು ಬಾಳ ಓಡತೈತ್ರಿ ಮೇಡಂ. ಜಿಲ್ಲಾದಾಗ ಎಲ್ಲಾರ ಹತ್ರನೂ ಐತಿ. ಪೆನ್‌ಡ್ರೈವ್‌ದಾಗ ಒಬ್ಬರಿಂದ ಒಬ್ಬರಿಗೆ ಬಂದದ್ದು, ಯಾರದಂತ ಯಾರಿಗೂ ಗೊತ್ತಿಲ್ಲ."

ನಾನು ನನ್ನ ಎಡಗೈಯನ್ನು ಅವರ ಮೇಜಿನ ಮೇಲೆ ಇಟ್ಟೆ. ಅವರು ಬೆರಳು ನೋಡಿದರು, ಪರದೆ ನೋಡಿದರು, ಮತ್ತೆ ಬೆರಳು ನೋಡಿದರು. ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತರು. ಬೈಗುಳಗಳನ್ನೆಲ್ಲ ನಾನು ಬಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದೆ, ಇನ್ನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಅವರು ಮೆಲ್ಲಗೆ ಹೇಳಿದರು:

"ನಮ್ಮವ್ವಗೂ ಇದನ್ನಽ ಹಾಕೇನ್ರಿ. ಮನ್ಯಾಗ ಐತಿ. ದಿನಾ ಮುಂಜಾನೆ ಕೈಮುಗೀತೇನಿ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಅವರು ಮತ್ತೆ ಕೂತು ಆ ತಲೆಯಿಲ್ಲದ ನನ್ನನ್ನು ಪರದೆಯ ತುಂಬ ದೊಡ್ಡದು ಮಾಡಿದರು. ಆಮೇಲೆ ಅವರೇ, "ಕೈ ತಗದು ಬ್ಯಾರೆ ಹಾಕಿಕೊಡ್ತೇನ್ರಿ. ನಿಮ್ಮವ್ವನ ಕೈ ಇರೋ ಫೋಟೋ ಒಂದ ತಂದ್ಕೊಡ್ರಿ, ಸಾಕು" ಎಂದರು.

ಅವ್ವನ ಕೈ. ಬ್ಯಾಡಗಿಯಲ್ಲಿ ಮೂವತ್ತು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈ. ಉಗುರಿನ ಸಂದಿಯ ಕೆಂಪು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಬೆರಳ ತುದಿಗಳು ಸವೆದು ನುಣ್ಣಗಾಗಿದ್ದವು; ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಗುರುತಿಸುತ್ತಲೇ ಇರಲಿಲ್ಲ. ನಾವು ಚಿಕ್ಕವರಿದ್ದಾಗ ಅತ್ತರೆ, ಉರಿದೀತೆಂದು ಅಂಗೈಯಿಂದ ಕಣ್ಣು ಒರೆಸುತ್ತಿರಲಿಲ್ಲ. ಕೈಗಳನ್ನು ದೂರ ಹಿಡಿದು, ಮೊಣಕೈ ಹತ್ತಿರದ ತೋಳಿನಿಂದ ಒರೆಸುತ್ತಿದ್ದಳು. ಎಲ್ಲರ ಅವ್ವಂದಿರೂ ಹಾಗೇ ಒರೆಸುತ್ತಾರೆಂದು ನಾನು ಬಹಳ ವರ್ಷ ತಿಳಿದಿದ್ದೆ.

ಮನೆಯ ಫೋಟೋಗಳನ್ನೆಲ್ಲ ಹುಡುಕಿದೆ. ತಮ್ಮನ ಮದುವೆಯ ಆಲ್ಬಮ್ಮಿನಲ್ಲಿ ಅವ್ವ ಇದ್ದಲ್ಲೆಲ್ಲ ಕೈಗಳು ಸೆರಗಿನೊಳಗೆ. ನಮ್ಮ ಮೊಬೈಲುಗಳಲ್ಲೂ ಅಷ್ಟೇ. ಆ ಕೈಗಳ ಬಗ್ಗೆ ಅವಳಿಗೆ ನಾಚಿಕೆ ಇತ್ತು. ಆಗ ನೆನಪಾಯಿತು: ವಿಧವಾ ವೇತನದ ಅರ್ಜಿಗೆ ಫೋಟೋ ಬೇಕೆಂದು ಅವ್ವ ಒಂದು ಮಧ್ಯಾಹ್ನ ಕೆಲಸದಿಂದ ನೇರವಾಗಿ ರಾಣೆಬೆನ್ನೂರಿಗೆ ಬಂದಿದ್ದಳು. ಸ್ಟುಡಿಯೊದ ಕುರ್ಚಿಯಲ್ಲಿ ಕೂತವಳೇ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಸೆರಗು ಮೇಲೆ ಬಂದು ಕೊರಳು ಮುಚ್ಚಿತು.

"ಕೈ ಮಡಿಲಾಗ ಇಡವಾ" ಅಂದೆ.

"ಇವು ಬರ್ತಾವಲ್ಲ?"

"ಕೈ ಬರಂಗಿಲ್ಲ ಬಿಡು. ಮಕ ಅಷ್ಟ ಬೇಕು."

ಅವಳು ಮಗಳ ಮಾತು ನಂಬಿ ಕೈ ಹೊರಗೆ ತೆಗೆದಳು. ತೆಗೆದ ಚಿತ್ರದಲ್ಲಿ ಮಡಿಲಿನವರೆಗೂ ಬಂದಿತ್ತು, ನನಗೆ ಚೆನ್ನಾಗಿ ನೆನಪಿದೆ. ಸಿಕ್ಕ ಬಸ್ಸು ಹತ್ತಿ ಅಂಗಡಿಗೆ ಹೋಗಿ, ಆ ವರ್ಷದ ಫೋಲ್ಡರ್ ಹುಡುಕಿ, ಫೈಲು ತೆರೆದೆ. ಮುಖ ಮಾತ್ರ ಇತ್ತು. ಮುಚ್ಚಿ ಮತ್ತೆ ತೆರೆದೆ. ಮುಖವೇ. ಸುತ್ತಲಿನದನ್ನು ಕತ್ತರಿಸಿದ ಮೇಲೆ ಬೇರೆ ಹೆಸರಿನಲ್ಲಿ ಉಳಿಸದೆ, ಅದೇ ಫೈಲಿನ ಮೇಲೆ ಸೇವ್ ಒತ್ತಿಬಿಟ್ಟಿದ್ದೆ. ಪಾಸ್‌ಪೋರ್ಟ್ ಫೋಟೋಗಳಿಗೆ ನಾವು ಮಾಡುವುದೇ ಹಾಗೆ, ಕಂಪ್ಯೂಟರಿನಲ್ಲಿ ಜಾಗ ಉಳಿಯುತ್ತದೆ. ಕ್ಯಾಮೆರಾದ ಕಾರ್ಡನ್ನೂ ಆವತ್ತೇ ಅಳಿಸಿದ್ದೆ.

ಹಾವೇರಿಯವರು ಅವ್ವನಿಗೆ ಬೇರೆ ಕೈ ಅಂಟಿಸಿದ್ದರು, ಅಷ್ಟೇ. ಅವಳ ಕೈ ಕತ್ತರಿಸಿದವಳು ನಾನು. ಅದೂ ಅವಳು ಬದುಕಿದ್ದಾಗ, ನನ್ನ ಎದುರಿಗೇ ಕೂತಿದ್ದಾಗ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ವಾರ ಕಳೆಯುವಷ್ಟರಲ್ಲಿ ಮತ್ತೊಂದು ಉಪಾಯ ಹೊಳೆಯಿತು. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬ್ಯಾಡಗಿಯಲ್ಲಿ ಅವ್ವ ಕೆಲಸ ಮಾಡುತ್ತಿದ್ದ ಶೆಡ್ಡಿಗೆ ಹೋದೆ. ಅಲ್ಲಿ ಅವ್ವನ ಪಕ್ಕದಲ್ಲೇ ವರ್ಷಗಟ್ಟಲೆ ಕೂತು ತೊಟ್ಟು ಬಿಡಿಸಿದ ಗೆಳತಿಯೊಬ್ಬಳು ಇದ್ದಾಳೆ. ನಾವು ಚಿಗವ್ವ ಅನ್ನುತ್ತೇವೆ. ಘಾಟಿಗೆ ಕೆಮ್ಮುತ್ತಾ ಅವಳ ಎದುರು ಕೂತು ಎಲ್ಲವನ್ನೂ ಹೇಳಿ ಕೇಳಿದೆ:

"ಚಿಗವ್ವಾ, ನಿನ್ನ ಕೈದೊಂದು ಫೋಟೋ ತಗೀತೇನಿ. ಅವ್ವಗ ಹಚ್ಚತೇನಿ. ಇಬ್ಬರದೂ ಒಂದಽ ಕೆಲಸ, ಒಂದಽ ಥರ ಕೈ."

ಅವಳು ತೊಟ್ಟು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಒಂದಽ ಥರ ಎಲ್ಲಿಂದ ಬಂತು? ಬಲಗೈ ಹಿಡಕೊಂಡ ಮ್ಯಾಲ ನಿಮ್ಮವ್ವ ಎರಡ ವರ್ಷ ಎಡಗೈಲೆನಽ ಬಿಡಸ್ತಿದ್ಲು. ಅಕೀದು ಸವದಿದ್ದು ಎಡದ ಬೆರಳು. ನಿಮಗ ಹೇಳಿದ್ದಿಲ್ಲೇನ?"

ಹೇಳಿರಲಿಲ್ಲ. ನಾನೂ ನೋಡಿರಲಿಲ್ಲ. ತಿಂಗಳಿಗೆರಡು ಸಲ ಮನೆಗೆ ಬಂದು, ಅವಳು ಬಡಿದ ರೊಟ್ಟಿ ತಿಂದು ಹೋಗುತ್ತಿದ್ದೆ.

"ಮತ್ತ ಈ ಕೈ ಅಕಿಗೆ ಕೊಟ್ಟೆ ಅನ್ನು," ಎಂದು ಚಿಗವ್ವ ಈಗ ತಲೆ ಎತ್ತಿದಳು, "ನಾ ಸತ್ತಾಗ ನನಗ ಯಾರ ಕೈ ಹಚ್ಚತಿ?"

ನನ್ನ ಬಳಿ ಉತ್ತರ ಇತ್ತು: ನನ್ನವೇ, ಆ ಇಳಕಲ್ ಮೈಯವು. ಅದಕ್ಕೇ ಅಳು ಬಂತು. ಅವ್ವ ಹೋದ ದಿನದಿಂದ ಹಾಗೆ ಅತ್ತಿರಲಿಲ್ಲ. ಚಿಗವ್ವ ಎದ್ದು ಹತ್ತಿರ ಬಂದು, ಎರಡೂ ಅಂಗೈಗಳನ್ನು ದೂರಕ್ಕೆ ಚಾಚಿ ಹಿಡಿದು, ಮೊಣಕೈ ಹತ್ತಿರದ ತೋಳಿನಿಂದ ನನ್ನ ಕಣ್ಣು ಒರೆಸಿದಳು.

"ಅಳಬ್ಯಾಡ. ಹೋದ್ವು ಹೋದ್ವು. ಕ್ಯಾಮೆರಾ ಹೆಂಗೂ ತಂದೀದಿ, ನಂದೊಂದು ತಗಿ. ಮಕ, ಕೈ, ಎಲ್ಲಾ ಕೂಡೇ ತಗಿ."

ಮೆಣಸಿನಕಾಯಿ ಚೀಲದ ಮೇಲೆ ನೆಟ್ಟಗೆ ಕೂತಳು. ಸೆರಗು ಸರಿಮಾಡಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟಳು. ಒತ್ತಿದೆ. ಅವಳು ಕೂತಲ್ಲಿಂದಲೇ ಕತ್ತು ಚಾಚಿ ಕೇಳಿದಳು:

"ಕೈ ಬಂದಾವೇನ?"

"ಬಂದಾವ ಚಿಗವ್ವಾ" ಅಂದೆ.